ಈಗ ಕೇಳ್ರಿ ಇಲ್ಲಿ

ನನ್ನ ದನಿ ಸಣ್ಣದು. ದೇವದುರ್ಗದ ನಮ್ಮ ಮನೆಯಲ್ಲಿ ನಾನು ಅಡುಗೆಮನೆಯಿಂದ ಮಾತಾಡಿದರೆ ಪಡಸಾಲೆಗೆ ಕೇಳುವುದಿಲ್ಲ. ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಒಳ್ಳೆಯ ಅಂಕಗಳಿದ್ದವು. ಆದರೂ ರಾಯಚೂರಿನ ಎರಡು ಕಾಲೇಜುಗಳಲ್ಲಿ, ಪಾಠ ಮಾಡಿ ತೋರಿಸಿ ಎಂದಾಗ, ಹಲಗೆಗೆ ಮುಖ ಮಾಡಿಯೇ ಮಾತಾಡಿ ಬಂದಿದ್ದೆ. ಎರಡನೆಯ ಕಡೆ ಒಬ್ಬರು ಕಿವಿಗೆ ಕೈ ಹಚ್ಚಿ, "ಕೇಳಸವಲ್ದ್ರಿ" ಎಂದರು. ಅಲ್ಲಿಗೆ ಇದ್ದ ದನಿಯೂ ನಿಂತಿತು. ಇನ್ನೊಂದು ಕಾಲೇಜಿನಿಂದ ಕರೆ ಬಂದಾಗ, ಇದೂ ಕೈತಪ್ಪಿದರೆ ಪಾಠ ಮಾಡುವ ಆಸೆಯನ್ನೇ ಬಿಡಬೇಕು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಚಿಗವ್ವ ನೆನಪಾದಳು. ಅವ್ವನ ತಂಗಿ, ಮಾನ್ವಿಗೆ ಕೊಟ್ಟಿದ್ದಾರೆ. ನಮ್ಮ ಬಳಗದಲ್ಲಿ ಮದುವೆಯ ಮಾತುಕತೆ ಎಲ್ಲಿ ಸಿಕ್ಕಿಕೊಂಡರೂ ಅವಳನ್ನು ಕರೆಸುತ್ತಾರೆ. ಗಂಡಸರ ಗದ್ದಲ ಮುಗಿಯುವವರೆಗೆ ಗೋಡೆಗೆ ಒರಗಿ ಕೂತಿರುತ್ತಾಳೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಈಗ ಕೇಳ್ರಿ ಇಲ್ಲಿ" ಎನ್ನುತ್ತಾಳೆ. ದನಿ ಏರಿಸುವುದಿಲ್ಲ. ಆದರೂ ಚಹಾದ ಕಪ್ಪು ಕೆಳಗಿಡುವ ಸದ್ದೂ ನಿಲ್ಲುತ್ತದೆ.

ಒಂದು ತಾಸಿನ ಮಟ್ಟಿಗೆ ಚಿಗವ್ವನಾಗಿದ್ದರೆ ಯಾರಿಗೇನು ತೊಂದರೆ ಅನ್ನಿಸಿತು.

ಸಂದರ್ಶನದ ಕೋಣೆಯಲ್ಲಿ ಕೂತವರು ಮೊಬೈಲು ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿದೆ. ಅವಳ ಮಾತನ್ನೇ ಅಂದೆ. ಎಲ್ಲರೂ ತಲೆ ಎತ್ತಿದರು. ಬೇಡಿಕೆಯ ಪಾಠವನ್ನು ಪುಸ್ತಕದ ಭಾಷೆಯಲ್ಲಿ ಸಿದ್ಧ ಮಾಡಿಕೊಂಡಿದ್ದೆ, ಆದರೆ ಬಾಯಿಂದ ಬಂದದ್ದು ಬೇರೆ: "ಬೇಕು ಅನ್ನೂದು ಬ್ಯಾರೆ, ಬೇಡಿಕಿ ಬ್ಯಾರೆ. ಬೇಕು ಅಂತ ಎಲ್ಲಾರೂ ಅಂತಾರ. ತಗೊಳ್ಳೋ ತಾಕತ್ತು ಇದ್ರ ಅಷ್ಟ ಅದು ಬೇಡಿಕಿ." ಹಿರಿಯರೊಬ್ಬರು ನಗುತ್ತ, ಊರು ಯಾವುದವ್ವ ಎಂದು ಕೇಳಿದರು.

"ಮಾನ್ವಿರೀ" ಅಂದೆ.

ಅಂದ ಕೂಡಲೇ ತಪ್ಪಿದ್ದು ಗೊತ್ತಾಯಿತು. ತಿದ್ದಬೇಕೆಂದರೆ ನನ್ನ ದನಿಯಲ್ಲಿ ತಿದ್ದಬೇಕಿತ್ತು. ಆ ದನಿ ಕೇಳಿಸಿದರೆ ಅವರ ನಗು ಅಲ್ಲೇ ಇಳಿಯುತ್ತದೆಂದು ಹೆದರಿ ಸುಮ್ಮನಾದೆ. ಅದು ಸುಳ್ಳೋ, ಬಾಯಿತಪ್ಪೋ, ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಕೇಳಿದ್ದು ನನ್ನ ಊರನ್ನೋ ಚಿಗವ್ವನ ಊರನ್ನೋ ಎಂಬುದೂ ಆ ಹೊತ್ತಿನಲ್ಲಿ ಸ್ಪಷ್ಟವಿರಲಿಲ್ಲ.

ಕೆಲಸ ಸಿಕ್ಕಿತು. ಆ ಸಂಸ್ಥೆಯದೇ ಇನ್ನೊಂದು ಕಾಲೇಜು ಮಾನ್ವಿಯಲ್ಲಿದೆ. ನಿಮ್ಮೂರೇ ಅಲ್ಲವೇ, ಅನುಕೂಲವಾಗುತ್ತದೆ ಎಂದು ನನ್ನನ್ನು ಅಲ್ಲಿಗೇ ಹಾಕಿದರು. ಚಿಗವ್ವನಿಗೆ ಎಲ್ಲಿಲ್ಲದ ಖುಷಿ. ನನ್ನ ಹಾಸಿಗೆ ಬ್ಯಾಗುಗಳನ್ನು ಅವಳೇ ಆಟೋದಿಂದ ಇಳಿಸಿಕೊಂಡಳು. ಅವಳ ಮನೆಯಲ್ಲಿ ನಾನು ಮೊದಲಿಗಿಂತ ಮೆತ್ತಗಾದೆ. ಕದ್ದ ಸೀರೆ ಉಟ್ಟುಕೊಂಡು ಸೀರೆಯ ಒಡತಿಯ ಎದುರೇ ಓಡಾಡಿದಂತಿತ್ತು.

ಮೊದಲ ದಿನ ತರಗತಿಯಲ್ಲಿ ಸೆರಗು ಸಿಕ್ಕಿಸಿ, "ಈಗ ಕೇಳ್ರಿ ಇಲ್ಲಿ" ಅಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ವೇಲಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದವಳಿಗೂ ನಗು. ಏನೆಂದು ಕೇಳಿದೆ.

"ಏನಿಲ್ರಿ ಮೇಡಂ. ನಮ್ಮಕ್ಕನ ಮದಿವಿ ಮಾತಿಗೆ ಒಬ್ಬಾಕಿ ಅಮ್ಮ ಬಂದಿದ್ಲು. ಥೇಟ್ ಅಕಿ ಅಂದಂಗ ಅಂದ್ರಿ."

"ಸೆರಗು ಸಿಗಿಸೂದೂ ಹಂಗ ಅದ," ಎಂದು ಪಕ್ಕದವಳು ಮೆಲ್ಲಗೆ ಸೇರಿಸಿದಳು. ಇಡೀ ತರಗತಿ ನಕ್ಕಿತು.

ರಾಯಚೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಚಿಗವ್ವ ಇಲ್ಲಿ ಊರಿಗೆಲ್ಲ ಗೊತ್ತು. ಅಷ್ಟು ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. ಸೊಂಟದಿಂದ ಸೆರಗು ತೆಗೆದು ಇಳಿಬಿಟ್ಟೆ. ಇನ್ನು ಉಳಿದದ್ದು ನಾನೊಬ್ಬಳೇ. ಹಲಗೆಯ ಕಡೆ ತಿರುಗಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಬೇಡಿಕೆ ಎಂದರೇನು ಎಂದು ಶುರು ಮಾಡಿದೆ.

"ಕೇಳಸವಲ್ದ್ರಿ ಮೇಡಂ," ಅಂದಳು ಅದೇ ಹುಡುಗಿ.

ಅದೇ ಮಾತು. "ಹಂಗಾದ್ರ ಮುಂದ ಬರ್ರಿ" ಎಂದೆ. ಹಾಗೆ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಚಿಗವ್ವ ಅನ್ನುವ ಮಾತೂ ಅದಲ್ಲ. ಅವಳು ಯಾರನ್ನೂ ಹತ್ತಿರ ಕರೆದದ್ದು ನಾನು ನೋಡಿಲ್ಲ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿ, ಬ್ಯಾಗು ಎತ್ತಿಕೊಂಡು ಮುಂದಿನ ಬೆಂಚುಗಳಿಗೆ ಬಂದು ಒತ್ತಿ ಕೂತರು. ನನ್ನ ದನಿ ಅಲ್ಲಿಯವರೆಗೆ ಮುಟ್ಟಿತು. ಪಾಠ ಚೆನ್ನಾಗಿತ್ತೋ, ಪಾಪ ಎಂದು ಸುಮ್ಮನಿದ್ದರೋ, ಗೊತ್ತಾಗಲಿಲ್ಲ.

ಸಂಜೆ ಚಿಗವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಏನು ಕಲಿಸಿದೆ ಎಂದು ಕೇಳಿದಳು. ಬೇಡಿಕೆ ಅಂದೆ.

"ಹಂಗಂದ್ರ ಏನು?"

ಯಾವ ದನಿಯಲ್ಲಿ ಹೇಳಬೇಕೆಂದು ತೋಚದೆ ಬಾಗಿಲಲ್ಲಿ ನಿಂತೆ. ರಾಯಚೂರಿನಲ್ಲಿ ಹೇಳಿದ್ದನ್ನು ಅವಳದೇ ದನಿಯಲ್ಲಿ ಅವಳಿಗೇ ಹೇಳಲಾಗದು. ಕೊನೆಗೆ, ಬೇಕು ಅನ್ನುವುದು ಬೇರೆ, ಎಂದು ಮೆಲ್ಲಗೆ ಶುರು ಮಾಡಿದೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಚಿಗವ್ವ ಬಡಿಯುವ ಕೈ ನಿಲ್ಲಿಸಿದಳು. "ಹೂಂ, ಹೇಳು," ಎಂದಳು.