ನನ್ನ ಬಳಿ ಕಲಿಯಲು ಬಂದ ಪ್ರಾಂಶುಪಾಲರು

“ಮೇಷ್ಟ್ರ, ಈ ಲೇತ್ ನಡೆಸೋದು ನನಗೂ ಕಲಿಸ್ರಿ,” ಎಂದು ಹೊಸ ಪ್ರಾಂಶುಪಾಲರು ವರ್ಕ್‌ಶಾಪಿಗೆ ಬಂದು ಕೇಳಿದಾಗ ನಾನು ತಬ್ಬಿಬ್ಬಾದೆ. ಎಂಬತ್ತರ ದಶಕದಲ್ಲಿ ನಾನು ಹಡಗಲಿ ಕಡೆಯ ಒಂದು ಸರ್ಕಾರಿ ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ಬೋಧಕನಾಗಿದ್ದೆ. ಕಬ್ಬಿಣ ಕಡೆಯುವ ಆ ಯಂತ್ರ ಕೆಟ್ಟು ನಿಂತಿತ್ತು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮುಗಿಸುತ್ತಿದ್ದೆ.

“ಬೆಲ್ಟ್ ಹರಿದು ಆರು ತಿಂಗಳಾತ್ರಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದು ತಲೆ ತಗ್ಗಿಸಿದೆ.

ಅವರು ಬೈಯಲಿಲ್ಲ. ಮರುದಿನ ತಾವೇ ಹೊಸಪೇಟೆಯಿಂದ ಬೆಲ್ಟ್ ತಂದು, ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತರು. ಅವರಿಗೆ ಹೇಳಿಕೊಡುವಾಗ ಎಷ್ಟೋ ವರ್ಷಗಳ ಮೇಲೆ ನನ್ನ ದನಿ ಗಟ್ಟಿಯಾಗಿತ್ತು.

ವರ್ಗವಾಗಿ ಹೋಗುವವರೆಗೂ ಅವರಿಗೆ ಆ ಕೆಲಸ ಪೂರ್ತಿ ಕೈಗೆ ಹತ್ತಲಿಲ್ಲ. ನನಗೆ ಮಾತ್ರ ಕಲಿಸುವ ಹುಮ್ಮಸ್ಸು ಮರಳಿತು. ನಿವೃತ್ತಿಯ ದಿನದವರೆಗೂ ಅದು ಆರಲಿಲ್ಲ.