ಬೋಕಿಯಕ್ಕನ ನಲವತ್ತಮೂರು ಚೂರು

ಬೋಕಿಯಕ್ಕನನ್ನು ನಾನು ಮೊದಲು ನೋಡಿದ್ದು ನಮ್ಮ ಪುರಾತತ್ವ ಸಂಸ್ಥೆಯ ಹಿತ್ತಿಲಿನಲ್ಲಿ, ಸಿಮೆಂಟ್ ತೊಟ್ಟಿಯ ಪಕ್ಕ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ಗಿಡ್ಡ ಸ್ಟೂಲಿನ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮಡಕೆಯ ಚೂರೊಂದನ್ನು ತಿಕ್ಕುತ್ತಿದ್ದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಅಂದೇ ಕೆಲಸಕ್ಕೆ ಸೇರಲು ಬಂದಿದ್ದ ನಾನು ಪದವಿಯ ಪ್ರಮಾಣಪತ್ರಗಳ ಫೈಲನ್ನು ಎದೆಗವಚಿಕೊಂಡಿದ್ದೆ. ನಮ್ಮ ಮನೆಯಲ್ಲಿ ಅಂಥ ಫೈಲು ಹಿಡಿದವಳು ನಾನೇ ಮೊದಲು.

"ಅದನ್ನ ಎಲ್ಲಾದ್ರೂ ಇಡು ತಂಗಿ, ಯಾರೂ ಕಿತ್ಕೊಂಡು ಹೋಗಲ್ಲ. ಈ ಚೂರು ಹಿಡಿ. ಹೊಸದೋ ಹಳೇದೋ ಹೇಳು."

ಮಣ್ಣು ಮೆತ್ತಿತ್ತು. "ಹಳೇದು" ಎಂದೆ.

"ಹೋದ ತಿಂಗಳು ನಾನೇ ಒಡೆದಿದ್ದು. ಅಂಚು ಮುಟ್ಟು, ಚುಚ್ಚುತ್ತೆ. ಹಳೇದು ಸವೆದು ನುಣ್ಣಗಾಗಿರುತ್ತೆ, ನಮ್ಮತ್ತೆ ಥರ. ಮೊದಲು ಅವರೂ ಚುಚ್ಚೋರು."

ಅಕ್ಕ ಓದಿದ್ದು ನಾಲ್ಕನೇ ತರಗತಿ. ನೆಲ ಅಗೆದಾಗ ಸಿಕ್ಕ ಚೂರುಗಳನ್ನು ಹದಿನೆಂಟು ವರ್ಷ ತೊಳೆದಿದ್ದರು. ಬೋಕಿ ಎಂದರೆ ಮಡಕೆಯ ಚೂರು, ಹಾಗೆಂದೇ ಆ ಅಡ್ಡಹೆಸರು. ಆಗಷ್ಟೇ ಹೊಸದಾಗಿ ಶುರುವಾಗಿದ್ದ ಕಾರ್ಯಕ್ರಮಕ್ಕೆ ಶನಿವಾರಗಳಂದು ಸಾರ್ವಜನಿಕರು ಬರುತ್ತಿದ್ದರು. ಅವರಿಗಾಗಿ ಅಕ್ಕ ಅಂಗಡಿಯ ಮಡಕೆ ಒಡೆದು, ಚೂರುಗಳಿಗೆ ಮಣ್ಣು ಮೆತ್ತಿ ಒಣಗಿಸಿ, ಮರಳುಗುಂಡಿಯಲ್ಲಿ ಹೂಳುತ್ತಿದ್ದರು. ಬಂದವರು ಅಗೆದು ತೆಗೆದು ಜೋಡಿಸುತ್ತಿದ್ದರು. ಆಗ ಅಕ್ಕ ಆಡುವ ಮಾತು ಕೇಳುತ್ತ ಜನ ಮನೆಗೆ ಹೋಗುವುದನ್ನೇ ಮರೆಯುತ್ತಿದ್ದರು. ನಿರ್ದೇಶಕರಿಗೆ ಮಾತ್ರ ಅನುಮಾನ. "ಮೂರು ತಿಂಗಳು ನೋಡ್ತೀನಿ. ಒಂದು ಎಡವಟ್ಟಾದ್ರೂ ನೀವು ವಾಪಸ್ ತೊಟ್ಟಿಗೆ" ಎಂದಿದ್ದರು. ಅಕ್ಕನಿಗೆ ಆ ಶನಿವಾರಗಳೆಂದರೆ ಜೀವ.

ಮೂರನೇ ತಿಂಗಳ ಕೊನೆಯ ಶನಿವಾರ ಎಡವಟ್ಟಾಯಿತು. ಮಾಡಿದ್ದು ನಾನು. ಅಕ್ಕನಿಗೆ ನೆರವಾಗೋಣವೆಂದು ಬೇಗ ಬಂದು, ಜಗಲಿಯಲ್ಲಿ ಒಣಗುತ್ತಿದ್ದ ಎರಡು ಟ್ರೇಗಳಲ್ಲಿ ಒಂದರ ಮಣ್ಣು ಮೆತ್ತಿದ ಚೂರುಗಳನ್ನೆಲ್ಲ ಮರಳಲ್ಲಿ ಹೂತೆ. ಅಕ್ಕ ಗೇಟಿನಲ್ಲಿ ಜನರನ್ನು ಬರಮಾಡಿಕೊಳ್ಳುತ್ತಿದ್ದರು. ಎಲ್ಲರೂ ಅಗೆಯಲು ಕೂತ ಮೇಲೆ ಟ್ರೇ ತೆಗೆದಿಡಲು ಹೋದೆ. ತಳದಲ್ಲಿ ಒಂದು ಚೀಟಿ ಅಂಟಿಕೊಂಡಿತ್ತು: ಚೂರು ಸಿಕ್ಕ ಜಾಗ, ಆಳ, ಒಟ್ಟು ನಲವತ್ತಮೂರು. ನಕಲಿ ಚೂರಿನ ಟ್ರೇಗೆ ಚೀಟಿ ಇರುವುದಿಲ್ಲ. ನಾನು ಹೂತದ್ದು ನಿಜವಾದ ಹಳೇ ಚೂರು.

ಓಡಿಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ.

"ಚೀಟಿ ಇದೆ ತಾನೆ?"

"ಇದೆ ಅಕ್ಕ."

"ಹಾಗಿದ್ರೆ ಎಲ್ಲಿನದು ಅಂತ ಗೊತ್ತಾಯ್ತಲ್ಲ. ಎಲ್ಲಾ ಕೈಗೆ ಬಂದ್ರೆ ಸಾಕು. ಅಳೋದನ್ನ ಆಮೇಲೆ ಇಟ್ಕೋ."

ಚಪ್ಪಾಳೆ ತಟ್ಟಿದರು. "ಎಲ್ಲರೂ ಕರಣೆ ಕೆಳಗಿಡಿ. ನಮ್ಮ ತಪ್ಪಿನಿಂದ ಇವತ್ತು ಇಲ್ಲಿ ನಿಜವಾದ ಹಳೇ ಚೂರೇ ಹೂತುಬಿಟ್ಟಿದೀವಿ. ಇನ್ಮೇಲೆ ಬರೀ ಬೆರಳು. ನಲವತ್ತಮೂರೂ ಸಿಗೋವರೆಗೆ ಯಾರೂ ಮನೆಗೆ ಹೋಗೋ ಹಾಗಿಲ್ಲ, ನಾನೂ ಸೇರಿ."

ಒಬ್ಬೊಬ್ಬರೂ ಮಂಡಿಯೂರಿ, ಮಲಗಿದ ಮಗುವಿನ ತಲೆ ಸವರುವಂತೆ ಮರಳು ಸರಿಸತೊಡಗಿದರು. ನಿವೃತ್ತ ಬಸ್ ಕಂಡಕ್ಟರೊಬ್ಬರು ಲೆಕ್ಕದ ಹೊಣೆ ತಾವೇ ಹೊತ್ತರು. "ಮೂವತ್ತೊಂದಾಯ್ತು, ಒಳಗೆ ನಡೀರಿ, ಮಧ್ಯ ಖಾಲಿ ಇದೆ."

ನಲವತ್ತೆರಡಕ್ಕೆ ಲೆಕ್ಕ ನಿಂತಿತು. ಎರಡು ಸಲ ಜರಡಿ ಹಿಡಿದರೂ ಕೊನೆಯದು ಸಿಗಲಿಲ್ಲ. ಅಷ್ಟರಲ್ಲಿ ನಿರ್ದೇಶಕರು ಮೆಟ್ಟಿಲಿಳಿದು ಬಂದು ನಿಂತರು. ಅಕ್ಕ ಖಾಲಿ ಜರಡಿ ಹಿಡಿದುಕೊಂಡೇ ನಡೆದದ್ದನ್ನು ಹೇಳಿದರು.

ಆಗ ಕಂಡಕ್ಟರ ಹೆಂಡತಿ, "ರೀ, ನಿಮ್ಮ ಜೇಬು ಯಾಕೆ ಜೋತುಬಿದ್ದಿದೆ?" ಎಂದರು.

ಕಂಡಕ್ಟರು ಜೇಬಿಗೆ ಕೈ ಹಾಕಿದರು. "ಅಯ್ಯೋ, ಮೊದಲನೇದು. ಮೊಮ್ಮಗಳಿಗೆ ತೋರಿಸೋಣ ಅಂತ..."

"ಮೂವತ್ತು ವರ್ಷ ಊರಿಗೆಲ್ಲಾ ಟಿಕೆಟ್ ಕೇಳಿದೋರು," ಎಂದು ಆಕೆ ತಲೆ ಚಚ್ಚಿಕೊಂಡರು. ಎಲ್ಲರಿಗೂ ನಗು. ನಿರ್ದೇಶಕರೂ ತಡೆಯಲಾರದೆ ನಕ್ಕರು.

"ತಪ್ಪು ನಂದು ಸಾರ್" ಎಂದೆ.

"ಟ್ರೇ ಪಕ್ಕಪಕ್ಕ ಇಟ್ಟಿದ್ದು ನಾನು" ಎಂದರು ಅಕ್ಕ.

ನಿರ್ದೇಶಕರು ತೊಟ್ಟಿಯ ಕಡೆ ನೋಡುತ್ತಿದ್ದರು. ಚೂರುಗಳಿಗಂಟಿದ ಮರಳು ಬಿಡಿಸಲು ಬಂದವರೇ ಬ್ರಶ್ಶು ಕೇಳುತ್ತ ಸಾಲು ನಿಂತಿದ್ದರು.

"ಮುಂದಿನ ವಾರದಿಂದ ನಿಜವಾದದ್ದನ್ನೇ ತೊಳೆಸಿ," ಎಂದರು ಕೊನೆಗೆ. "ಆದರೆ ದಯವಿಟ್ಟು ಹೂಳಬೇಡಿ."

ನಕಲಿ ಚೂರುಗಳ ಟ್ರೇಗೆ ಅಂದೇ ನಾನು ಕೆಂಪು ಬಣ್ಣ ಬಳಿದೆ. ಬೋಕಿಯಕ್ಕ ಈಗ ನಮ್ಮ ಸಾರ್ವಜನಿಕ ಕಾರ್ಯಕ್ರಮಗಳ ಮುಖ್ಯಸ್ಥೆ. ಪ್ರತಿ ಶನಿವಾರ ಹತ್ತರಿಂದ ಒಂದು ಗಂಟೆಯವರೆಗೆ, ಬಂದವರಿಗೆ ಚೂರು ತೊಳೆಯುವುದನ್ನು ಕಲಿಸುತ್ತಾರೆ.