ಟೊಮೇಟೊ ಹೂವಿಗೆ ಮಾವನ ಬ್ರಷ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹೊಸಮನೆ ಬಡಾವಣೆಯ ನಮ್ಮ ತಾರಸಿಯ ಮೇಲೆ ನಾನು ಸಿಕ್ಕಿಬಿದ್ದೆ. ಎದುರಿಗೆ ಟೊಮೇಟೊ ಗಿಡಗಳು, ಕೈಯಲ್ಲಿ ಮಾವನವರ ಹಲ್ಲುಜ್ಜುವ ಬ್ಯಾಟರಿ ಬ್ರಷ್.

ಕೋತಿಗಳ ಕಾಟಕ್ಕೆ ಸಣ್ಣ ಕಣ್ಣಿನ ಬಲೆ ಕಟ್ಟಿದ ಮೇಲೆ ಗಾಳಿಯೂ ಇಲ್ಲ, ಜೇನ್ನೊಣವೂ ಇಲ್ಲ. ಹೂವೆಲ್ಲ ಸುಮ್ಮನೆ ಉದುರುತ್ತಿತ್ತು. ಹೆಂಡತಿಯೋ ವರ್ಷಕ್ಕಾಗುವಷ್ಟು ತೊಕ್ಕು ಮಾಡಿ ಬಾಟಲಿಗೆ ತುಂಬುತ್ತೇನೆಂದು ಊರಿಗೆಲ್ಲ ಹೇಳಿಯಾಗಿತ್ತು. ನಡುಗುವ ಬ್ರಷ್ಷನ್ನು ಹೂವಿನ ತೊಟ್ಟಿಗೆ ತಾಗಿಸಿದರೆ ಪರಾಗ ಉದುರಿ ಕಾಯಿ ಹೆಚ್ಚು ನಿಲ್ಲುತ್ತದೆ ಎಂದು ನಾನು ಎಲ್ಲೋ ಓದಿದ್ದೆ.

ಪಕ್ಕದ ತಾರಸಿಯಿಂದ ಶಮ್‌ಶಾದ್ ಆಂಟಿ ಕೆಳಗೆ ಅಂಗಳದಲ್ಲಿದ್ದ ಮಾವನಿಗೆ ಕೂಗಿ ಹೇಳಿದರು: "ಯಜಮಾನ್ರೇ, ನೀವು ಹುಡುಕ್ತಿರೋ ಬ್ರಷ್ ಇಲ್ಲಿದೆ. ನಿಮ್ಮ ಅಳಿಯ ಗಿಡಕ್ಕೆ ಹಲ್ಲುಜ್ತಾ ಇದಾರೆ."

ಭದ್ರಾವತಿಯಿಂದ ಬಂದು ನಮ್ಮಲ್ಲಿ ಉಳಿದಿರುವ ಮಾವ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು.

"ಎಷ್ಟು ದಿನದಿಂದ ಅಳಿಯಂದ್ರೇ?"

"ನೀವು ಬಂದ ಮಾರನೇ ದಿನದಿಂದ ಮಾವ. ದಿನಾ ತೊಳೆದೇ ಇಡ್ತಿದ್ದೆ."

ಅವರು ನಾಲಿಗೆಯಿಂದ ಹಲ್ಲು ಸವರಿಕೊಂಡರು. "ಅದಕ್ಕೇ ಉಜ್ಜಿದ್ರೂ ಬಾಯೆಲ್ಲ ಹಸಿ ಸೊಪ್ಪಿನ ವಾಸನೆ. ನಾನು ಪೇಸ್ಟ್ ಬೇರೆ ಬದಲಾಯಿಸ್ದೆ."

ನಾನು ಗಿಡ ತೋರಿಸಿದೆ. ಗೊಂಚಲು ಗೊಂಚಲಿಗೂ ಕಾಳುಮೆಣಸಿನಷ್ಟು ಕಾಯಿ ಕಚ್ಚಿತ್ತು. ಮಾವ ಕನ್ನಡಕ ಏರಿಸಿ ನೋಡಿದರು, ಬ್ರಷ್ ಕಿತ್ತುಕೊಂಡರು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಬಲೆಯೊಳಗೆ ನುಗ್ಗಿ ಉಳಿದ ಹೂವುಗಳಿಗೆ ತಾವೇ ಹಿಡಿಯತೊಡಗಿದರು.

ಈಗ ನಾನು ಬ್ರಷ್ ತರಲು ಸವಳಂಗ ರಸ್ತೆಯ ಅಂಗಡಿಗೆ ಹೊರಟಿದ್ದೇನೆ. ಎರಡು ಬೇಕಂತೆ: ಒಂದು ಅವರ ಹಲ್ಲಿಗೆ, ಇನ್ನೊಂದು ಭದ್ರಾವತಿಗೆ ಹೋದಮೇಲೆ ಅವರು ಹಾಕಲಿರುವ ಟೊಮೇಟೊಗೆ.